ಒಂದೇ ಕಾರು ಎರಡೆರಡು ಯಾಕೆ ಅಂತ ಕೇಳೋರಿಗೆ

ನನ್ನ ಶೆಲ್ಫ್ ನೋಡಿದೋರು ಹೆಚ್ಚುಕಮ್ಮಿ ಎಲ್ರೂ ಇದನ್ನೇ ಕೇಳ್ತಾರೆ, ಒಂದೇ ಕಾರನ್ನ ಎರಡೆರಡು ಯಾಕೆ ಇಟ್ಟಿದ್ದೀಯಾ ಅಂತ. ಲಾಂಚಿಯಾ ಅನ್ನೋ ಇಟಲಿ ಕಂಪನಿಯ ಸ್ಟ್ರಾಟೋಸ್ ಕಾರಿನ ಮಾಡೆಲ್ ಒಂದು, ಮೈತುಂಬಾ ಸ್ಟಿಕ್ಕರು, ಬಾಗಿಲ ಮೇಲೆ ನಂಬರು, ಮೂತಿಗೆ ಸಾಲಾಗಿ ಎಕ್ಸ್‌ಟ್ರಾ ಲೈಟು. ಪಕ್ಕದಲ್ಲೇ ಇನ್ನೊಂದು ಸ್ಟ್ರಾಟೋಸ್, ಬರೀ ಬಣ್ಣ, ಮತ್ತೇನೂ ಇಲ್ಲ. ನೋಡೋರಿಗೆ ಎರಡನೇದು ವೇಸ್ಟ್ ಅನ್ಸುತ್ತೆ. ನಂಗೆ ಮಾತ್ರ ಆ ಎರಡನೇದು ಇಲ್ದೇ ಇದ್ರೆ ಮೊದಲನೇದು ಅರ್ಧ ಕತೆ ಅಷ್ಟೇ. ಇಟಲಿಯ ರ‍್ಯಾಲಿ ಕಾರುಗಳ ಮಾಡೆಲ್ ಸೇರಿಸೋಕೆ ಶುರು ಮಾಡಿದ ಮೇಲೆ ನಾನು ನಿಧಾನಕ್ಕೆ ಬಂದು ನಿಂತ ಜಾಗ ಇದು: ರ‍್ಯಾಲಿ ಕಾರು ತಗೊಂಡ್ರೆ ಅದರ ರಸ್ತೆ ಕಾರನ್ನೂ ತಗೋಬೇಕು, ಜೋಡಿ ಸೇರೋವರೆಗೂ ಆ ಜಾಗ ಖಾಲಿ ಇರ್ಲಿ.

ಕಾರಣ ಹೋಮೊಲೊಗೇಶನ್. ಹೆಸರು ದೊಡ್ಡದು, ವಿಷಯ ಸಿಂಪಲ್. ಆ ಕಾಲದಲ್ಲಿ ರ‍್ಯಾಲಿಗೆ ಕಾರು ಇಳಿಸ್ಬೇಕು ಅಂದ್ರೆ ಅದೇ ಕಾರನ್ನ ಇಂತಿಷ್ಟು ಅಂತ ತಯಾರು ಮಾಡಿ ತೋರಿಸ್ಬೇಕಿತ್ತು. ಕಾರುಗಳನ್ನ ಗ್ರೂಪ್ ಅಂತ ವಿಂಗಡಿಸಿದ್ರು, ಗ್ರೂಪ್ 4 ಅಂದ್ರೆ ಎಪ್ಪತ್ತರ ದಶಕದ ಮೊದಲ ಅರ್ಧದಲ್ಲಿ 500 ಕಾರು, ಆಮೇಲೆ ಅದು 400ಕ್ಕೆ ಇಳೀತು. 1982ರಲ್ಲಿ ಗ್ರೂಪ್ ಬಿ ಬಂತು, 200 ಮಾಡಿದ್ರೆ ಸಾಕು ಅಂದ್ರು. 1987ರಿಂದ ಗ್ರೂಪ್ ಎ ಕಾರುಗಳೇ ಚಾಂಪಿಯನ್‌ಶಿಪ್‌ಗೆ ಮುಖ್ಯ ಆದ್ವು, ಅಲ್ಲಿ 5000. ಈ ನಾಲ್ಕು ನಂಬರ್ ತಲೇಲಿ ಇಟ್ಕೊಂಡು ಶೆಲ್ಫ್ ನೋಡಿದ್ರೆ ಪ್ರತಿ ಕಾರು ಯಾಕೆ ಹಂಗಿದೆ ಅಂತ ಗೊತ್ತಾಗುತ್ತೆ. 500 ಅಂದಾಗ ಏನು ಮಾಡಿದ್ರು, 200 ಅಂದಾಗ ಎಂಥ ಹುಚ್ಚು ಗಾಡಿ ಕಟ್ಟಿದ್ರು, 5000 ಅಂದಾಗ ಮನೆಮಂದಿ ಓಡಿಸೋ ಹ್ಯಾಚ್‌ಬ್ಯಾಕನ್ನೇ ಹೆಂಗೆ ತಿರುಗಿಸಿ ತಿರುಗಿಸಿ ಗೆದ್ರು, ಎಲ್ಲಾ ಕಣ್ಣೆದುರಿಗೆ. ಬರೀ ರ‍್ಯಾಲಿ ಕಾರು ಸಾಲಾಗಿ ಇಟ್ರೆ ಅದು ಸ್ಟಿಕ್ಕರ್ ಪ್ರದರ್ಶನ ಆಗೋಗುತ್ತೆ, ಚೆನ್ನಾಗೇ ಕಾಣ್ಸುತ್ತೆ, ಆದ್ರೆ ಅಷ್ಟೇ.

ಮೊದಲ ಜೋಡಿ ಫುಲ್ವಿಯಾ. ಲಾಂಚಿಯಾ ಫುಲ್ವಿಯಾ ಕೂಪೆ 1.6 ಎಚ್‌ಎಫ್, ಕೆಂಪು ಮೈ, ಕಪ್ಪು ಬಾನೆಟ್, ನಂಬರ್ 14. 1972ರ ಮಾಂಟೆ ಕಾರ್ಲೊ ರ‍್ಯಾಲಿ, ಸಾಂಡ್ರೊ ಮುನಾರಿ ಸ್ಟಿಯರಿಂಗ್‌ನಲ್ಲಿ, ಪಕ್ಕದಲ್ಲಿ ಸಹಚಾಲಕ ಮಾರಿಯೊ ಮನ್ನೂಚಿ. ಆಲ್ಪೈನ್, ಪೋರ್ಷೆ 911 ಎಲ್ಲಾ ಎದುರಿಗಿದ್ವು, ಪವರ್ ಲೆಕ್ಕದಲ್ಲಿ ಈ ಫುಲ್ವಿಯಾ ಅವುಗಳ ಹತ್ರಕ್ಕೂ ಬರ್ತಿರ್ಲಿಲ್ಲ, ಇಂಜಿನ್ನು ಮುಂದೆ, ಡ್ರೈವೂ ಮುಂದಿನ ಚಕ್ರಕ್ಕೆ, ತುಂಬಾ ಕಿರಿದಾದ ಕೋನದ ವಿ4, ರಸ್ತೆ ಕಾರಿನಲ್ಲಿ 115 ಕುದುರೆಶಕ್ತಿ. ಹಿಮ ಬಿದ್ದ ಬೆಟ್ಟದ ರಸ್ತೇಲಿ ಮುಂದಿನ ಚಕ್ರದ ಹಿಡಿತ ಮುನಾರಿ ಕೈಗೆ ಸಿಕ್ತು, ಗೆದ್ದುಬಿಟ್ರು. ಆ ವರ್ಷದ ತಯಾರಕರ ಚಾಂಪಿಯನ್‌ಶಿಪ್ ಕೂಡ ಲಾಂಚಿಯಾಗೇ ಬಂತು.

ಇದರ ರಸ್ತೆ ಜೋಡಿಗೆ ಎರಡು ದಾರಿ ಇದೆ. ಒಂದು, ಅದೇ 1.6 ಎಚ್‌ಎಫ್‌ನ ರಸ್ತೆ ಕಾರು, ಒಳಗಿನ ಎರಡು ಹೆಡ್‌ಲೈಟ್ ಹೊರಗಿನವಕ್ಕಿಂತ ದೊಡ್ಡದಾಗಿರೋದು, ಇಟಲಿಯವರು ಪ್ರೀತಿಯಿಂದ ಫನಲೋನೆ ಅಂತಾರಲ್ಲ, ಅದು. ಇನ್ನೊಂದು, ಗೆದ್ದ ಖುಷಿಗೆ ಕಂಪನಿಯವರೇ 1.3 ಇಂಜಿನ್ ಕಾರಿಗೆ ಕಪ್ಪು ಬಾನೆಟ್ ಹಾಕಿ ಮಾಂಟೆಕಾರ್ಲೊ ಅಂತ ಹೆಸರಿಟ್ಟು ಮಾರಿದ ಕಾರು. ಮೊದಲನೇದು ರ‍್ಯಾಲಿಗೆ ಬೇಕು ಅಂತ ಹುಟ್ಟಿದ ರಸ್ತೆ ಕಾರು, ಎರಡನೇದು ರ‍್ಯಾಲಿ ಗೆದ್ದಿದ್ದಕ್ಕೆ ಹುಟ್ಟಿದ್ದು. ನಾನು ಫನಲೋನೆ ಪಕ್ಷ. ಮಾಂಟೆಕಾರ್ಲೊ ಎಡಿಶನ್ ನೋಡೋಕೆ ಚೆಂದ, ಆದ್ರೆ ಅದು ಮಾರ್ಕೆಟಿಂಗ್‌ನವರ ಕೂಸು.

ಮಾಡೆಲ್ ತಗೊಳ್ಳೋವಾಗ ನಾನು ನೋಡೋ ಒಂದು ಸಣ್ಣ ವಿಷಯ ಹೇಳ್ತೀನಿ, ನಂಬರ್ ಪ್ಲೇಟು. ಲಾಂಚಿಯಾ, ಫಿಯಾಟ್ ಟೀಮ್ ಕಾರುಗಳಿಗೆಲ್ಲ ಟೊರಿನೊ ನೋಂದಣಿ, ಅಂದ್ರೆ ಪ್ಲೇಟಲ್ಲಿ ಟಿ, ಓ ಅನ್ನೋ ಎರಡಕ್ಷರ. 1976ಕ್ಕಿಂತ ಮುಂಚೆ ಕಪ್ಪು ಪ್ಲೇಟಿನ ಮೇಲೆ ಎಲ್ಲಾ ಬಿಳಿ. 1976ರಿಂದ ನಂಬರ್ ಬಿಳಿ, ಊರಿನ ಅಕ್ಷರ ಮಾತ್ರ ಕಿತ್ತಳೆ. 1985ರಲ್ಲಿ ಪ್ಲೇಟೇ ಬಿಳಿ ಆಯ್ತು. ಹಾಗಾಗಿ 1972ರ ಫುಲ್ವಿಯಾಗೆ ಕಿತ್ತಳೆ ಅಕ್ಷರ ಇದ್ರೆ ಮಾಡಿದೋರು ಫೋಟೋ ನೋಡಿಲ್ಲ ಅಂತ ಅರ್ಥ. ಕೆಲವೇ ಮಿಲಿಮೀಟರ್ ಜಾಗ ಅದು, ಭೂತಗನ್ನಡಿ ಬೇಕು, ಹುಚ್ಚು ಅಂತೀರಾ, ಅನ್ನಿ. ಆದ್ರೆ ಪ್ಲೇಟ್ ಸರಿ ಮಾಡಿದೋರು ಮಿಕ್ಕಿದ್ದೂ ಸರಿ ಮಾಡಿರ್ತಾರೆ, ಇದು ನಾನು ನೋಡ್ಕೊಂಡು ಬಂದಿರೋ ಮಾತು.

ಈಗ ಸ್ಟ್ರಾಟೋಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಬೇಜಾರಾದ್ರೆ ಸ್ಕ್ರಾಲ್ ಮಾಡ್ಕೊಂಡು ಹೋಗಿ.

1970ರ ಟೊರಿನೊ ಮೋಟಾರ್ ಶೋನಲ್ಲಿ ಬೆರ್ಟೋನೆ ಅನ್ನೋ ಕಾರ್ ಡಿಸೈನ್ ಸಂಸ್ಥೆ ಸ್ಟ್ರಾಟೋಸ್ ಝೀರೊ ಅಂತ ಒಂದು ಕಾನ್ಸೆಪ್ಟ್ ತೋರಿಸ್ತು, ಮಾರ್ಚೆಲ್ಲೊ ಗಾಂಡಿನಿ ಡಿಸೈನ್. ನೆಲದಿಂದ ಚಾವಣಿಗೆ 84 ಸೆಂಟಿಮೀಟರ್ ಅಷ್ಟೇ. ಒಳಗೆ ಹೋಗೋಕೆ ಮುಂದಿನ ಗಾಜನ್ನೇ ಮೇಲೆತ್ತಬೇಕು. ಸಂಸ್ಥೆಯ ಯಜಮಾನ ನುಚ್ಚೊ ಬೆರ್ಟೋನೆ ಅದನ್ನ ಓಡಿಸ್ಕೊಂಡು ಲಾಂಚಿಯಾ ಆಫೀಸಿಗೆ ಹೋದಾಗ ಗೇಟಿನ ಅಡ್ಡಗೋಲು ಎತ್ತೋ ಮುಂಚೆನೇ ಅದರ ಕೆಳಗೆ ನುಸುಳಿ ಒಳಗೆ ಹೋದ ಅಂತ ಒಂದು ಕತೆ ಇದೆ, ಎಲ್ಲರೂ ಹೇಳ್ತಾರೆ, ನಾನೂ ಹೇಳ್ದೆ. 1/43ರಲ್ಲಿ, ಅಂದ್ರೆ ನಿಜವಾದ ಕಾರಿಗಿಂತ 43 ಪಟ್ಟು ಚಿಕ್ಕದಾದ ಮಾಡೆಲ್‌ನಲ್ಲಿ, ಝೀರೊ ಎತ್ತರ ಎರಡು ಸೆಂಟಿಮೀಟರ್ ಕೂಡ ಬರಲ್ಲ, ಕೈಯಲ್ಲಿ ಹಿಡ್ಕೊಂಡ್ರೆ ಇದು ಕಾರಾ ಅನ್ಸುತ್ತೆ. ಅದಾದ ಮುಂದಿನ ವರ್ಷ ಬಂದ ಸ್ಟ್ರಾಟೋಸ್ ಎಚ್‌ಎಫ್ ಪೂರ್ತಿ ಬೇರೆ ಗಾಡಿ. ಲಾಂಚಿಯಾ ಟೀಮ್ ನಡೆಸ್ತಿದ್ದ ಚೆಸರೆ ಫಿಯೋರಿಯೊಗೆ ರ‍್ಯಾಲಿಗೆ ಅಂತಲೇ ಹುಟ್ಟೋ ಕಾರು ಬೇಕಿತ್ತು. ಅಲ್ಲೀವರೆಗೂ ಮಾರೋ ಕಾರನ್ನ ತಿದ್ದಿ ರ‍್ಯಾಲಿಗೆ ಕಳಿಸ್ತಿದ್ರು. ಇಲ್ಲಿ ಉಲ್ಟಾ ಆಯ್ತು, ಮೊದಲು ರ‍್ಯಾಲಿ ಕಾರು ಯೋಚಿಸಿ ಆಮೇಲೆ ನಿಯಮಕ್ಕೋಸ್ಕರ ರಸ್ತೆಗೂ ಬಿಟ್ರು. ಫೆರಾರಿ ಡೀನೊದ 2.4 ಲೀಟರ್ ವಿ6 ತಂದು ನಡುವೆ ಅಡ್ಡಕ್ಕೆ ಕೂರಿಸಿದ್ರು, ಚಕ್ರದಿಂದ ಚಕ್ರಕ್ಕೆ 2180 ಮಿಲಿಮೀಟರ್ ಅಷ್ಟೇ, ಅಂದ್ರೆ 1/43 ಮಾಡೆಲ್‌ನಲ್ಲಿ ಐದು ಸೆಂಟಿಮೀಟರ್ ಚಿಲ್ಲರೆ.

1974ರ ಅಕ್ಟೋಬರ್‌ನಲ್ಲಿ ಹೋಮೊಲೊಗೇಶನ್ ಸಿಕ್ತು, ಆ ವರ್ಷಾನೇ ಇಟಲಿಯ ಸಾನ್‌ರೆಮೊ ರ‍್ಯಾಲಿ ಗೆದ್ದು, 1974, 75, 76 ಮೂರು ವರ್ಷ ತಯಾರಕರ ವಿಶ್ವ ಚಾಂಪಿಯನ್‌ಶಿಪ್. ಮುನಾರಿ 1975ರಿಂದ 77ರವರೆಗೆ ಸತತ ಮೂರು ಸಲ ಮಾಂಟೆ ಕಾರ್ಲೊ (ಚಿಕ್ಕದಾಗಿ ಮಾಂಟೆ ಅಂತೀವಿ) ಗೆದ್ದ. ಕಂಪನಿ ಕೈಬಿಟ್ಟ ಮೇಲೂ 1979ರಲ್ಲಿ ಬರ್ನಾರ್ ದಾರ್ನಿಶ್ ಅನ್ನೋ ಫ್ರೆಂಚ್ ಡ್ರೈವರ್ ಖಾಸಗಿ ಟೀಮಿನ ನೀಲಿ ಸ್ಟ್ರಾಟೋಸಲ್ಲಿ ಮತ್ತೆ ಮಾಂಟೆ ಗೆದ್ದ. ಆ ನೀಲಿ ಕಾರು ನನ್ನ ಫೇವರಿಟ್. ಎಲ್ಲರೂ ಇಟಲಿಯ ವಿಮಾನ ಕಂಪನಿ ಅಲಿಟಾಲಿಯಾ ಬಣ್ಣದ್ದೇ ತಗೋತಾರೆ, ಬಿಳಿ ಮೈ ಮೇಲೆ ಹಸಿರು ಕೆಂಪು. ಅದು ಇಲ್ದೇ ಆಗಲ್ಲ ಅನ್ನೋದೂ ನಿಜ, ವಿಮಾನದ ಬಾಲದಲ್ಲಿದ್ದ ಆ ಹಸಿರು ಅಕ್ಷರಾನ ಕಾರಿನ ಮೇಲೆ ಮಲಗಿಸಿದ್ದು ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ ಸ್ಟ್ರಾಟೋಸ್ ಆಕಾರಕ್ಕೆ ಅಂತಲೇ ಬರೆದಂಗಿದೆ. ಆದ್ರೆ ಸಾಲಾಗಿ ನಾಲ್ಕೈದು ಅಲಿಟಾಲಿಯಾ ನಿಂತ್ರೆ ಕಣ್ಣಿಗೆ ಯಾವುದೂ ಬೀಳಲ್ಲ, ನಡುವೆ ಒಂದು ನೀಲಿ ಇದ್ರೆ ಎಲ್ಲವೂ ಎದ್ದು ಕಾಣ್ಸುತ್ತೆ.

ಸ್ಟ್ರಾಟೋಸ್ ಮಾಡೆಲ್‌ನಲ್ಲಿ ಮೊದಲು ನೋಡಬೇಕಾದ್ದು ಮುಂದಿನ ಗಾಜು. ನಿಜವಾದ ಕಾರಲ್ಲಿ ಅದು ಅರ್ಧವೃತ್ತದ ಥರ ಸುತ್ತಿಕೊಂಡು ಬಾಗಿಲ ಗಾಜಿಗೆ ಸೇರುತ್ತೆ, ಹೆಲ್ಮೆಟ್ ಹಾಕ್ಕೊಂಡೋನು ಒಳಗಿಂದ ನೋಡ್ದಂಗೆ. ಅಗ್ಗದ ಮಾಡೆಲ್‌ಗಳಲ್ಲಿ ಪ್ಲಾಸ್ಟಿಕ್ ಗಾಜು ದಪ್ಪ ಇರೋದ್ರಿಂದ ಆ ತಿರುವು ಚಪ್ಪಟೆ ಆಗಿ ಕಾರು ಪೆದ್ದು ಪೆದ್ದಾಗಿ ಕಾಣ್ಸುತ್ತೆ. ಎರಡನೇದು ಕೂತಿರೋ ಭಂಗಿ. ಟಾರ್ ರಸ್ತೆಯ ರ‍್ಯಾಲಿಗೆ ಕೆಳಗೆ ಕೂತಿರ್ಬೇಕು, ಆಫ್ರಿಕಾದ ಸಫಾರಿ ರ‍್ಯಾಲಿಗೆ ಎದ್ದು ನಿಂತಿರ್ಬೇಕು. ಸುಮಾರು ಕಂಪನಿಗಳು ಒಂದೇ ಅಚ್ಚಿನಿಂದ ಎಲ್ಲಾ ರ‍್ಯಾಲಿಗೂ ತೆಗೆದು ಬರೀ ಸ್ಟಿಕ್ಕರ್ ಬದಲಾಯಿಸ್ತವೆ. ಹಿಂದಿನ ಚಕ್ರದ ಅಗಲನೂ ಹಂಗೇ, ಟೀಮ್ ಕಾರಿಗೆ ಇರೋ ದಪ್ಪ ಹಿಂದಿನ ಟೈರನ್ನ ರಸ್ತೆ ಕಾರಿಗೂ ತುರುಕಿರ್ತಾರೆ. ಇದೇ ಕಾರಣಕ್ಕೆ ಸ್ಟ್ರಾಡಾಲೆ, ಅಂದ್ರೆ ರಸ್ತೆ ವರ್ಶನ್, ಸರಿಯಾದ್ದು ಹುಡುಕೋದು ರ‍್ಯಾಲಿ ಕಾರು ಹುಡುಕೋದಕ್ಕಿಂತ ಕಷ್ಟ. ರೋಲ್ ಕೇಜ್, ಅಂದ್ರೆ ಕಾರು ಉರುಳಿದ್ರೆ ಕಾಪಾಡೋ ಪೈಪಿನ ಪಂಜರ, ಇರೋ ರಸ್ತೆ ಕಾರು ನೋಡಿದ್ದೀನಿ, ಬಾನೆಟ್ ಮೇಲೆ ಲೈಟ್ ಕೂರಿಸೋ ತೂತು ಮುಚ್ಚದೇ ಬಣ್ಣ ಹೊಡೆದಿದ್ದೂ ನೋಡಿದ್ದೀನಿ.

1/18ರಲ್ಲಿ ಸ್ಟ್ರಾಟೋಸ್ ಇಟ್ಕೊಳ್ಳೋಕೆ ಒಂದು ಒಳ್ಳೆ ಕಾರಣ ಇದೆ. ನಿಜವಾದ ಕಾರಿನ ಮುಂಭಾಗ ಹಿಂಭಾಗ ಎರಡೂ ಇಡೀ ತುಂಡಾಗಿ ಮೇಲೇಳ್ತವೆ, ಸರ್ವಿಸ್‌ನಲ್ಲಿ ಮೆಕ್ಯಾನಿಕ್‌ಗಳು ಬೇಗ ಕೆಲಸ ಮಾಡ್ಲಿ ಅಂತ. ಕ್ಯೋಶೊ, ಆಟೋಆರ್ಟ್ ಅನ್ನೋ ಮಾಡೆಲ್ ಕಂಪನಿಗಳು ಎರಡೂ 1/18ರಲ್ಲಿ ಸ್ಟ್ರಾಟೋಸ್ ಮಾಡಿವೆ. ಎರಡೂ ಕಡೆ ತೆಗೆದಿಟ್ರೆ ನಡುವೆ ಸಣ್ಣ ಕ್ಯಾಬಿನ್ ಮಾತ್ರ ಉಳಿಯುತ್ತೆ. ರಸ್ತೆ ಕಾರಿನ ಬಾಗಿಲ ಒಳಗೆ ಹೆಲ್ಮೆಟ್ ಇಡೋಷ್ಟು ಆಳದ ಜಾಗ ಬಿಟ್ಟಿದ್ರು, 190 ಕುದುರೆಶಕ್ತಿಯ ರಸ್ತೆ ಕಾರು ತಗೊಂಡೋನಿಗೆ ಬಾಗಿಲಲ್ಲಿ ಹೆಲ್ಮೆಟ್ ಜಾಗ! ಯಾರಿಗೋಸ್ಕರ ಹುಟ್ಟಿದ ಕಾರು ಅಂತ ಇನ್ನೇನು ಹೇಳ್ಬೇಕು.

ಸ್ಟ್ರಾಟೋಸ್ ಇಷ್ಟೆಲ್ಲಾ ಗೆದ್ರೂ ಲಾಂಚಿಯಾದ ಯಜಮಾನ ಫಿಯಾಟ್‌ಗೆ ಒಂದು ತಲೆನೋವು. ಗೆಲ್ತಿರೋದು ಯಾರೂ ಕೊಳ್ಳದ ಕಾರು, ಶೋರೂಮಲ್ಲಿ ಮಾರಾಟ ಆಗ್ಬೇಕಿರೋದು 131 ಅನ್ನೋ ಚೌಕಾಕಾರದ ಫ್ಯಾಮಿಲಿ ಕಾರು. ಸರಿ, ಅದನ್ನೇ ರ‍್ಯಾಲಿಗೆ ಕಳಿಸಿ ಅಂದ್ರು. ಫಿಯಾಟ್‌ನ ರೇಸಿಂಗ್ ವಿಭಾಗ ಅಬಾರ್ತ್‌ನವರು ಎರಡು ಬಾಗಿಲ 131 ತಗೊಂಡು ಚಕ್ರದ ಮೇಲೆ ಅಗಲವಾದ ಆರ್ಚ್ ಕೂರಿಸಿ, ಹಿಂದಿನ ಸಸ್ಪೆನ್ಶನ್ ಪೂರ್ತಿ ಬದಲಾಯಿಸಿ, 16 ವಾಲ್ವ್ ಹೆಡ್ ಹಾಕಿ 400 ಕಾರಿನ ಲೆಕ್ಕ ಮುಗಿಸಿದ್ರು. ರಸ್ತೆ ಕಾರಿಗೆ 140 ಕುದುರೆಶಕ್ತಿ. 1977, 78, 80 ಮೂರು ತಯಾರಕರ ಚಾಂಪಿಯನ್‌ಶಿಪ್. 1980ರ ಮಾಂಟೆ ವಾಲ್ಟರ್ ರೋರ್ಲ್ ಗೆದ್ದ, ಪಕ್ಕದಲ್ಲಿ ಕ್ರಿಸ್ಟಿಯನ್ ಗೈಸ್ಟ್‌ಡೋರ್ಫರ್, ಆ ವರ್ಷದ ಡ್ರೈವರ್ ಚಾಂಪಿಯನ್ನೂ ರೋರ್ಲೇ.

ನನ್ನ ಇಡೀ ಕಲೆಕ್ಷನ್‌ನಲ್ಲಿ ಜೋಡಿ ಅನ್ನೋದಕ್ಕೆ ಬೆಸ್ಟ್ ಉದಾಹರಣೆ 131. ಒಂದೇ ಮನೆಯ ಅಣ್ಣ ತಮ್ಮಂದಿರ ಥರ ಇವೆ, ಒಬ್ಬ ಆಫೀಸಿಗೆ ಹೋಗ್ತಾನೆ, ಇನ್ನೊಬ್ಬ ಕುಸ್ತಿಗೆ. ಸ್ಟ್ರಾಟೋಸ್ ಎಲ್ಲಿಟ್ರೂ ಜನ ನೋಡ್ತಾರೆ, 131 ಸ್ಟ್ರಾಡಾಲೆ ಕಡೆ ಯಾರೂ ತಿರುಗಿಯೂ ನೋಡಲ್ಲ, ಗೊತ್ತಿರೋನು ಬಂದ್ರೆ ಮಾತ್ರ ಮೊದಲು ಅದನ್ನೇ ಕೈಗೆತ್ತಿಕೊಳ್ತಾನೆ. ಬಿಡಿಭಾಗ ಜೋಡಿಸಿ ಕಿಟ್ ಕಟ್ಟೋರಿಗೆ ಎಸ್ಚಿ ಕಂಪನಿಯ ಹಳೇ 1/24 ಅಚ್ಚು ಇದೆ, ಆಮೇಲೆ ಇಟಾಲೇರಿ ಅದನ್ನ ಮತ್ತೆ ಬಿಟ್ರು. ಹಳೇ ಅಚ್ಚು ಅಂದ್ರೆ ಗೊತ್ತಲ್ಲ, ಅಂಚು ಉಜ್ಜಿ ಉಜ್ಜಿ ಕೈ ನೋವು ಬರುತ್ತೆ, ಆದ್ರೆ ಆಕಾರ ಮಾತ್ರ ಸರಿಯಾಗಿ ಹಿಡಿದಿದ್ದಾರೆ.

ಗ್ರೂಪ್ ಬಿ ವಿಷಯಕ್ಕೆ ಬಂದ್ರೆ ಎಲ್ಲರ ದನಿನೂ ಜೋರಾಗುತ್ತೆ. 200 ಕಾರು ಸಾಕು ಅಂದ ಮೇಲೆ ಯಾರು ಸುಮ್ನಿರ್ತಾರೆ. ಲಾಂಚಿಯಾ 037, ಅಬಾರ್ತ್‌ನ ಪ್ರಾಜೆಕ್ಟ್ ನಂಬರೇ ಕಾರಿನ ಹೆಸರಾಗಿ ಉಳೀತು. ಲಾಂಚಿಯಾದ್ದೇ ಮಾಂಟೆಕಾರ್ಲೊ ಅನ್ನೋ ರಸ್ತೆ ಕಾರಿನ (ಮೇಲೆ ಹೇಳಿದ ಫುಲ್ವಿಯಾ ಅಲ್ಲ, ಬೇರೇದು) ನಡುಭಾಗ ಉಳಿಸ್ಕೊಂಡು ಹಿಂದೆ ಮುಂದೆ ಪೈಪಿನ ಫ್ರೇಮ್, ಪಿನಿನ್‌ಫರೀನಾ ಡಿಸೈನ್ ಸಂಸ್ಥೆಯ ಮೈ, 2 ಲೀಟರ್ ನಾಲ್ಕು ಸಿಲಿಂಡರ್, ಟರ್ಬೊ ಬದಲು ಸೂಪರ್‌ಚಾರ್ಜರ್ (ಎರಡೂ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬೋವೇ), ಯಾಕಂದ್ರೆ ಆಗಿನ ಟರ್ಬೊಗಳು ಆಕ್ಸಲರೇಟರ್ ಒತ್ತಿದ ಮೇಲೆ ಯೋಚನೆ ಮಾಡಿ ಆಮೇಲೆ ಎಳೀತಿದ್ವು. ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಎದುರಿಗೆ ನಾಲ್ಕೂ ಚಕ್ರ ಎಳೆಯೋ ಆಡಿ ಕ್ವಾಟ್ರೊ. ಆದ್ರೂ 1983ರ ಮಾಂಟೆಲಿ ರೋರ್ಲ್ ಮೊದಲು, ಮಾರ್ಕ್ಕು ಅಲೆನ್ ಎರಡನೇದು, ಆ ವರ್ಷದ ತಯಾರಕರ ಚಾಂಪಿಯನ್‌ಶಿಪ್ ಲಾಂಚಿಯಾಗೆ. ಬರೀ ಹಿಂದಿನ ಚಕ್ರ ಎಳೆಯೋ ಕಾರು ಆ ಪಟ್ಟ ಗೆದ್ದಿದ್ದು ಅದೇ ಕೊನೆ.

037 ಮಾಡೆಲ್ ಅಂದ್ರೆ ಟೀಮಿನ ಪ್ರಾಯೋಜಕ, ಮದ್ಯದ ಕಂಪನಿ ಮಾರ್ಟಿನಿಯ ಪಟ್ಟಿ. ಕಡುನೀಲಿ, ತಿಳಿನೀಲಿ, ಕೆಂಪು, ಬಿಳಿ ಮೈ ಮೇಲೆ. ಆದ್ರೆ ಇದರಲ್ಲೊಂದು ಕಿರಿಕಿರಿ ಇದೆ, ಮದ್ಯದ ಹೆಸರು, ಸಿಗರೇಟಿನ ಹೆಸರು ಆಟಿಕೆ ಥರದ ವಸ್ತು ಮೇಲೆ ಬರಬಾರದು ಅಂತ ಎಷ್ಟೋ ಮಾಡೆಲ್‌ಗಳು ಪಟ್ಟಿ ಮಾತ್ರ ಇದ್ದು ಹೆಸರಿಲ್ಲದೇ ಬರ್ತವೆ. ಆ ಖಾಲಿ ಜಾಗ ನೋಡಿದ್ರೆ ಹಲ್ಲುದುರಿದಂಗೆ ಇರುತ್ತೆ. ಡೆಕಾಲ್, ಅಂದ್ರೆ ಅಂಟಿಸೋ ತೆಳು ಚಿತ್ರ, ಬೇರೆ ತಗೊಂಡು ನಾವೇ ಅಂಟಿಸ್ಕೋಬೇಕು. ನೀರಲ್ಲಿ ನೆನೆಸಿ ಜಾರಿಸೋ ಡೆಕಾಲ್ ಅಷ್ಟೇನೂ ಕಷ್ಟ ಇಲ್ಲ, ಬಾಗಿದ ಜಾಗಕ್ಕೆ ಡೆಕಾಲ್ ಮೆತ್ತಗೆ ಮಾಡೋ ದ್ರವ ಒಂದು ಹನಿ ಹಾಕಿ ಮುಟ್ಟದೇ ಬಿಡಬೇಕು, ಮೊದಲು ಸುಕ್ಕಾಗಿ ಭಯ ಹುಟ್ಟಿಸುತ್ತೆ, ಒಣಗಿದ ಮೇಲೆ ಬಣ್ಣದ ಥರ ಕೂತ್ಕೊಳ್ಳುತ್ತೆ. ಸುಕ್ಕಾಗಿದ್ದಾಗ ಬೆರಳಿಟ್ರೆ ಮುಗೀತು ಕತೆ. ಹಸೆಗಾವಾ ಕಂಪನಿಯ 1/24 ಕಿಟ್ ಇದೆ 037ಗೆ, ಡೆಕಾಲ್ ಕೆಲಸ ಕಲಿಯೋಕೆ ಅದಕ್ಕಿಂತ ಒಳ್ಳೆ ಮೇಷ್ಟ್ರಿಲ್ಲ.

ರಸ್ತೆಯ 037 ಕೆಂಪು, 205 ಕುದುರೆಶಕ್ತಿ, ಹಿಂದಿನ ಗಾಜಿನ ಮೂಲಕ ಇಂಜಿನ್ ಕಾಣ್ಸುತ್ತೆ. ಒಂದು ಸ್ಟಿಕ್ಕರೂ ಇಲ್ಲದೇ ಇರೋದ್ರಿಂದ ಪಿನಿನ್‌ಫರೀನಾದವರು ಎಳೆದ ಗೆರೆ ಏನು ಅಂತ ಇದರಲ್ಲೇ ಗೊತ್ತಾಗೋದು. ಮಾರ್ಟಿನಿ ಕಾರಲ್ಲಿ ಕಣ್ಣು ಪಟ್ಟಿ ಹಿಂದೆನೇ ಓಡುತ್ತೆ, ಮೈ ನೋಡಲ್ಲ.

ಆಮೇಲೆ ಡೆಲ್ಟಾ ಎಸ್4. ಹೆಸರು ಡೆಲ್ಟಾ, ಡೆಲ್ಟಾದ್ದು ಒಳಗೆ ಏನೂ ಇಲ್ಲ. ಪೈಪ್ ಫ್ರೇಮ್, ಇಂಜಿನ್ ನಡುವೆ, ನಾಲ್ಕೂ ಚಕ್ರಕ್ಕೆ ಡ್ರೈವ್, ಸೂಪರ್‌ಚಾರ್ಜರ್ ಟರ್ಬೊ ಎರಡೂ ಒಟ್ಟಿಗೆ. ಇಂಜಿನ್ 1759 ಸಿಸಿ ಅನ್ನೋ ವಿಚಿತ್ರ ಸೈಜ್ ಯಾಕೆ ಗೊತ್ತಾ, ಚಾರ್ಜರ್ ಇರೋ ಇಂಜಿನ್ನಿಗೆ ನಿಯಮದ ಪ್ರಕಾರ 1.4ರಿಂದ ಗುಣಿಸ್ತಿದ್ರು, ಗುಣಿಸಿ ನೋಡಿ, 2500ರ ಸ್ವಲ್ಪ ಕೆಳಗೆ ಬರುತ್ತೆ, ಆ ಕ್ಲಾಸಿಗೆ ಕನಿಷ್ಠ ತೂಕ ಕಮ್ಮಿ. ನಿಯಮದ ಪುಸ್ತಕ ಕೈಯಲ್ಲಿ ಹಿಡ್ಕೊಂಡೇ ಕಾರು ಕಟ್ಟಿದ್ದಾರೆ. 1985ರ ಕೊನೇಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಗೆ ಇಳೀತು, ಮೊದಲ ಸಲಕ್ಕೇ ಹೆನ್ರಿ ಟೊಯ್ವೊನೆನ್ ಗೆದ್ದ, ಮುಂದಿನ ಜನವರಿಲಿ ಮಾಂಟೆನೂ ಅವನದೇ.

1986ರ ಮೇ 2, ಫ್ರಾನ್ಸಿನ ಕಾರ್ಸಿಕಾ ದ್ವೀಪದ ರ‍್ಯಾಲಿಲಿ ಟೊಯ್ವೊನೆನ್, ಅವನ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಇಬ್ಬರೂ ತೀರಿಕೊಂಡ್ರು, ಕಾರು ರಸ್ತೆಯಿಂದ ಕೆಳಗೆ ಹೋಗಿ ಬೆಂಕಿ ಹತ್ಕೊಂಡು. ಆ ವರ್ಷದ ಕೊನೆಗೆ ಗ್ರೂಪ್ ಬಿ ಮುಚ್ಚಿದ್ರು. ಆ ಕಾರ್ಸಿಕಾ ಕಾರಿನ ಮಾಡೆಲೂ ಸಿಗುತ್ತೆ. ನಾನು ತಗೊಳ್ಳಲ್ಲ. ತಗೊಂಡೋರನ್ನ ತಪ್ಪು ಅನ್ನೋಕೆ ಹೋಗಲ್ಲ, ನೆನಪಿಗೆ ಅಂತ ಇಟ್ಕೊಳ್ಳೋರಿದ್ದಾರೆ, ಆದ್ರೆ ನನ್ನ ಹತ್ರ ಇರೋದು ಮಾಂಟೆ ಗೆದ್ದ ಎಸ್4. ಬೀಮ್ಯಾಕ್ಸ್‌ನವರ 1/24 ಕಿಟ್ ಕೂಡ ಆ ಮಾಂಟೆ ಕಾರಿನದ್ದೇ ಇದೆ. ರಸ್ತೆ ಎಸ್4, 250 ಕುದುರೆಶಕ್ತಿ, ಒಳಗೆ ಅಲ್ಕಾಂಟಾರಾ ಸೀಟು, ಇಂಥ ಗಾಡಿಗೆ ಯಾವನಿಗೆ ಬೇಕಿತ್ತೋ ಮೆತ್ತನೆ ಸೀಟು, ಆದ್ರೂ ಇಟ್ಟಿದ್ದಾರೆ. ಪಕ್ಕಪಕ್ಕ ಇಟ್ಟು ನೋಡಿದ್ರೆ ರಸ್ತೆದೂ ರ‍್ಯಾಲಿದೂ ಒಂದೇ ಕಾರು, ಒಂದಕ್ಕೆ ಮ್ಯಾಟ್ ಹಾಸಿದ್ದಾರೆ ಅಷ್ಟೇ.

ಗ್ರೂಪ್ ಎ ಬಂದಾಗ ಆಟದ ನಿಯಮ ಬದಲಾಯ್ತು, 5000 ಕಾರು ಮಾರ್ಬೇಕು. ಆಗ ನಿಜವಾದ ಡೆಲ್ಟಾ ರಂಗಕ್ಕೆ ಬಂತು. ಜೊರ್ಜೆಟ್ಟೊ ಜುಜಾರೊ ಡಿಸೈನ್ ಮಾಡಿದ, 1980ರಲ್ಲಿ ಯುರೋಪಿನ ಕಾರ್ ಆಫ್ ದಿ ಇಯರ್ ಆಗಿದ್ದ ಐದು ಬಾಗಿಲ ಹ್ಯಾಚ್‌ಬ್ಯಾಕ್. ಅದಕ್ಕೆ ಟರ್ಬೊ, ಫೋರ್ ವೀಲ್ ಡ್ರೈವ್ ಹಾಕಿ 1987ರಿಂದ 1992ರವರೆಗೆ ಸತತ ಆರು ತಯಾರಕರ ಚಾಂಪಿಯನ್‌ಶಿಪ್. ಡ್ರೈವರ್ ಪಟ್ಟ 1987, 91 ಯುಹಾ ಕಾಂಕ್ಕುನೆನ್‌ಗೆ, 1988, 89 ಮಿಕಿ ಬಿಯಾಸಿಯನ್‌ಗೆ.

ಇಲ್ಲಿ ಜೋಡಿ ಲೆಕ್ಕ ತಿರುಗುಮುರುಗಾಗುತ್ತೆ. 1987ರ ಎಚ್‌ಎಫ್ 4ಡಬ್ಲ್ಯುಡಿ ನೋಡಿ, ಮೈ ಸಪಾಟು, ಆರ್ಚ್ ಕಿರಿದು, ದಪ್ಪ ಟೈರ್ ಹಾಕೋಕೆ ಜಾಗಾನೇ ಇಲ್ಲ. ರ‍್ಯಾಲಿಲಿ ಅದು ತೊಂದ್ರೆ ಕೊಡ್ತು, ಮುಂದಿನ ಇಂಟೆಗ್ರಾಲೆಗೆ ಆರ್ಚ್ ಉಬ್ಬಿಸಿದ್ರು. 16 ವಾಲ್ವ್ ಇಂಜಿನ್ ಹಾಕಿದ್ರು, ಹೆಡ್ ಎತ್ತರ ಆಯ್ತು, ಬಾನೆಟ್ ಮೇಲೆ ಗುಬುಟು ಬಂತು. ಆಮೇಲೆ ಇವೊಲುಜಿಯೋನೆ, ಎಲ್ರೂ ಡೆಲ್ಟೋನಾ ಅಂತಾರೆ, ಆರ್ಚ್ ಇನ್ನೂ ಅಗಲ, ಹಿಂದೆ ಚಾವಣಿಗೆ ಎತ್ತಿ ಇಳಿಸೋ ಸ್ಪಾಯ್ಲರ್. ರ‍್ಯಾಲಿ ಟೀಮಿಗೆ ಏನು ಬೇಕೋ ಅದು ಮೊದಲು ಶೋರೂಮಿನ ಕಾರಿನ ಮೈ ಮೇಲೆ ಕಾಣ್ತಿತ್ತು. ಹಾಗಾಗಿ ಡೆಲ್ಟಾದಲ್ಲಿ ನನಗೆ ರಸ್ತೆ ಕಾರುಗಳ ಸಾಲೇ ಮುಖ್ಯ: 4ಡಬ್ಲ್ಯುಡಿ, 8 ವಾಲ್ವ್, 16 ವಾಲ್ವ್, ಇವೊ. ನಾಲ್ಕೂ ಒಂದೇ ಬಣ್ಣದಲ್ಲಿ, ಕೆಂಪು, ಸಾಲಾಗಿ. ಮುಂದಿನಿಂದ ನೋಡಿದ್ರೆ ವರ್ಷದಿಂದ ವರ್ಷಕ್ಕೆ ಭುಜ ಅಗಲ ಆಗ್ತಾ ಹೋಗಿದ್ದು ಕಾಣ್ಸುತ್ತೆ. ಒಂದೇ ಕೆಂಪು ಸಿಗೋದು ದೊಡ್ಡ ಸಾಹಸ ಬಿಡಿ, ಒಂದೊಂದು ಕಂಪನಿಯ ಕೆಂಪು ಒಂದೊಂದು ಥರ, ಒಂದು ಟೊಮೆಟೊ ಕಡೆ, ಇನ್ನೊಂದು ಕುಂಕುಮದ ಕಡೆ.

ರ‍್ಯಾಲಿ ಡೆಲ್ಟಾ ವಿಷಯದಲ್ಲಿ ಎಚ್ಚರಿಕೆ: ಇದು ಕೆಸರುಗುಂಡಿ. ಆರು ವರ್ಷ, ಪ್ರತಿ ವರ್ಷ ಹತ್ತಾರು ರ‍್ಯಾಲಿ, ಪ್ರತಿ ರ‍್ಯಾಲಿಗೆ ಮೂರ್ನಾಲ್ಕು ಕಾರು, ಮೇಲೆ ಖಾಸಗಿ ಟೀಮುಗಳು, ಟೊಟಿಪ್ ಅನ್ನೋ ಪ್ರಾಯೋಜಕರ ಬಣ್ಣದ್ದು ಬೇರೆ. ಎಲ್ಲಾ ಬೇಕು ಅಂದೋನು ಮನೆ ಮಾರ್ಬೇಕು. ನಾನು ಎರಡಕ್ಕೆ ನಿಲ್ಲಿಸಿದ್ದೀನಿ. ಒಂದು, 1988ರ ಸಫಾರಿ, ಬಿಯಾಸಿಯನ್ ಗೆದ್ದಿದ್ದು, ಮುಂದೆ ಪ್ರಾಣಿಗಳಿಗೆ ಅಡ್ಡಲಾಗಿ ದಪ್ಪ ಪೈಪಿನ ಬಾರ್, ಕಾರು ಎದ್ದು ನಿಂತಿರುತ್ತೆ. ಇನ್ನೊಂದು, 1989ರ ಸಾನ್‌ರೆಮೊ. 16 ವಾಲ್ವ್ ಕಾರಿನ ಮೊದಲ ರ‍್ಯಾಲಿ, ಯಾವಾಗ್ಲೂ ಬಿಳಿ ಇರೋ ಮಾರ್ಟಿನಿ ಕಾರು ಆ ಒಂದು ರ‍್ಯಾಲಿಗೆ ಮಾತ್ರ ಕೆಂಪು ಬಣ್ಣದಲ್ಲಿ ಬಂತು, ಬಿಯಾಸಿಯನ್ ಗೆದ್ದ, ಮತ್ತೆ ಬಿಳಿಗೆ ಹೋದ್ರು. ಟಿವಿಲಿ ಕೆಂಪು ಮೇಲೆ ಪಟ್ಟಿ ಸರಿಯಾಗಿ ಕಾಣಲ್ಲ ಅಂತ ಹೇಳೋರಿದ್ದಾರೆ. ಬಿಳಿ ಕಾರುಗಳ ನಡುವೆ ಅದೊಂದು ಕೆಂಪು ಮಾರ್ಟಿನಿ ಇದ್ರೆ ಗೊತ್ತಿಲ್ಲದೋರು ಇದು ನಕಲಿ ಇರ್ಬೇಕು ಅಂತಾರೆ, ಆಗ ಕತೆ ಹೇಳೋಕೆ ನಂಗೊಂದು ಚಾನ್ಸು.

ಸ್ಕೇಲ್ ಬಗ್ಗೆ ಒಂದಿಷ್ಟು. ಮುಖ್ಯವಾಗಿ 1/43 ಸೇರಿಸ್ತೀನಿ. ಈ ವಿಚಿತ್ರ ನಂಬರ್ ರೈಲು ಮಾಡೆಲ್‌ಗಳಿಂದ ಬಂದಿದ್ದು, ಬ್ರಿಟಿಷ್ ಓ ಗೇಜ್‌ನಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕ, ಅದು 43ರ ಆಸುಪಾಸು ಬರುತ್ತೆ. ಸ್ಟ್ರಾಟೋಸ್ ಎಂಟೂವರೆ ಸೆಂಟಿಮೀಟರ್ ಚಿಲ್ಲರೆ, ಡೆಲ್ಟಾ ಒಂಬತ್ತು. ಅಂಗೈಯಲ್ಲಿ ಕೂರುತ್ತೆ, ಜೋಡಿ ಜೋಡಿ ಇಡೋನಿಗೆ ಇದಕ್ಕಿಂತ ದೊಡ್ಡದು ಜಾಗಕ್ಕೆ ಆಗಲ್ಲ. ಡೈಕಾಸ್ಟಾ ರೆಸಿನ್ನಾ ಅನ್ನೋ ಜಗಳ ಯಾವಾಗ್ಲೂ ಇದ್ದಿದ್ದೇ. ಡೈಕಾಸ್ಟ್ ಅಂದ್ರೆ ಸತುವಿನ ಮಿಶ್ರಲೋಹ, ಕೈಗೆ ಭಾರ, ಅಚ್ಚು ಉಕ್ಕಿನದು, ಸಾವಿರಗಟ್ಟಲೆ ತೆಗೆದ್ರೆ ಮಾತ್ರ ಖರ್ಚು ಹುಟ್ಟುತ್ತೆ. ರೆಸಿನ್ ಅಂದ್ರೆ ಅಚ್ಚಿಗೆ ಸುರಿದು ಗಟ್ಟಿ ಮಾಡೋ ಪ್ಲಾಸ್ಟಿಕ್ ಥರದ್ದು, ಅದಕ್ಕೆ ಸಿಲಿಕೋನ್ ಅಚ್ಚು ಸಾಕು, ಬೇಗ ಸವೆಯುತ್ತೆ, ಅದಕ್ಕೇ ಕಮ್ಮಿ ಸಂಖ್ಯೆ, ಯಾರೂ ಕೇಳಿರದ ಕಾರು ಮಾಡೋಕೆ ಧೈರ್ಯ ಬರುತ್ತೆ. ಸ್ಪಾರ್ಕ್‌ನಂಥವರು ಅದರಲ್ಲೇ ಬೆಳೆದೋರು. ರೆಸಿನ್‌ನಲ್ಲಿ ಬಾಗಿಲ ಗೆರೆ ಕೂದಲಿನಷ್ಟು ಸಣ್ಣಗೆ ಬರುತ್ತೆ, ಏನೂ ತೆಗೆಯೋಕೆ ಆಗಲ್ಲ. 1/43ರಲ್ಲಿ ತೆಗೆಯೋ ಬಾಗಿಲು ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ, ಕೀಲಿಗೋಸ್ಕರ ಬಿಟ್ಟ ಸಂದು ಇಡೀ ಮೈ ಹಾಳು ಮಾಡುತ್ತೆ.

ಎಚ್‌ಪಿಐ ಅನ್ನೋ ಜಪಾನ್ ಕಡೆಯ ಬ್ರಾಂಡ್ 1/43 ಡೈಕಾಸ್ಟಲ್ಲಿ ಮಾಡಿದ ಸ್ಟ್ರಾಟೋಸ್, ಡೆಲ್ಟಾಗಳು ಸಿಕ್ರೆ ಬಿಡ್ಬೇಡಿ, ಲೋಹದಲ್ಲಿ ಅಷ್ಟು ಚೂಪು ಕೆಲಸ ಕಮ್ಮಿ. ಇನ್ನೊಂದು ಕಡೆ ಇಟಲಿಯ ಪೇಪರ್ ಅಂಗಡಿಗಳಲ್ಲಿ ಪತ್ರಿಕೆ ಜೊತೆ ಕಂತಿನ ಹಾಗೆ ಬರ್ತಿದ್ದ ಮಾಡೆಲ್‌ಗಳು, ಡಿ ಅಗೊಸ್ಟಿನಿ, ಹ್ಯಾಷೆಟ್‌ನಂಥ ಪ್ರಕಾಶಕರು ಬಿಟ್ಟಿದ್ದು, ಎಷ್ಟೋ ಅಚ್ಚು ಇಕ್ಸೊ ಅನ್ನೋ ಮಾಡೆಲ್ ಕಂಪನಿದು. ಆಂಟೆನಾ ದಪ್ಪ, ವೈಪರ್ ದಪ್ಪ, ಆದ್ರೆ ಆಕಾರ ಸಾಮಾನ್ಯವಾಗಿ ಸರಿ ಇರುತ್ತೆ. ಇವನ್ನ ಕಡೆಗಣಿಸೋ ಕಲೆಕ್ಟರ್‌ಗಳನ್ನ ಕಂಡ್ರೆ ನಂಗೆ ನಗು. ಬೇರೆ ಯಾರೂ ಮಾಡದ ರಸ್ತೆ ವರ್ಶನ್‌ಗಳು ಎಷ್ಟೋ ಸಲ ಇಲ್ಲೇ ಸಿಕ್ಕಿವೆ, ಯಾಕಂದ್ರೆ ಪತ್ರಿಕೆಯವರಿಗೆ ವಾರ ವಾರ ಏನಾದ್ರೂ ಹೊಸದು ಕೊಡ್ಲೇಬೇಕಲ್ಲ. ಚಕ್ರ ಬದಲಾಯಿಸಿ, ವೈಪರ್ ತೆಗೆದು ಲೋಹದ ತೆಳು ಹಾಳೆಯಿಂದ ಕೊರೆದಿದ್ದು ಹಾಕಿ, ಲೈಟ್ ಒಳಗೆ ಬೆಳ್ಳಿ ಬಣ್ಣ ಮುಟ್ಟಿಸಿದ್ರೆ ಗುರುತೇ ಸಿಗಲ್ಲ.

ಹಳೇ ಇಟಾಲಿಯನ್ ಆಟಿಕೆ ಕಾರುಗಳ ಹುಚ್ಚಿಗೆ ಬಿದ್ದೋರು ಬೇರೆ ಪಂಗಡ. ಟೊರಿನೊದ ಮರ್ಕ್ಯುರಿ, ಆಮೇಲೆ ಪೊಲಿಸ್ಟಿಲ್ ಅಂತ ಹೆಸರು ಬದಲಿಸ್ಕೊಂಡ ಪೊಲಿಟಾಯ್ಸ್, ಮಿಲಾನ್ ಹತ್ರದ ಬುರಾಗೊ ಊರಿನ ಬಿಬುರಾಗೊ. ಬಿಬುರಾಗೊ 2005ರಲ್ಲಿ ಮುಚ್ಚಿ, ಆಮೇಲೆ ಮೈಸ್ಟೊ ಬ್ರಾಂಡಿನ ಮಾಲೀಕರ ಕೈಗೆ ಹೋಯ್ತು. ಹಳೇದು ತಗೊಳ್ಳೋವಾಗ ಲೋಹ ನೋಡಿ. ಸತುವಿನ ಮಿಶ್ರಣದಲ್ಲಿ ಸೀಸದ ಅಂಶ ಸೇರಿಬಿಟ್ಟಿದ್ರೆ ವರ್ಷಗಳಾದ ಮೇಲೆ ಒಳಗಿಂದಲೇ ಬಿರುಕು ಬಿಟ್ಟು, ಉಬ್ಬಿ, ಪುಡಿ ಆಗುತ್ತೆ, ಇದಕ್ಕೆ ಔಷಧಿ ಇಲ್ಲ. ಬಣ್ಣದ ಮೇಲೆ ಸಣ್ಣ ಗುಳ್ಳೆ, ಬಾನೆಟ್ ಮೂಲೇಲಿ ಕೂದಲೆಳೆ ಬಿರುಕು ಕಂಡ್ರೆ ವಾಪಸ್ ಇಟ್ಟುಬಿಡಿ. ಹೊಸ ಮಾಡೆಲ್‌ಗಳ ರೋಗ ಟೈರು. ಮೆತ್ತಗಿನ ಪಿವಿಸಿ ಟೈರಿಂದ ಎಣ್ಣೆ ಥರದ್ದು ಒಸರಿ ಡಿಸ್ಪ್ಲೇ ಬಾಕ್ಸಿನ ಪ್ಲಾಸ್ಟಿಕ್ ತಳಾನೇ ಕರಗಿಸುತ್ತೆ, ನಾಲ್ಕು ಚಕ್ರದ ಗುರುತು ಶಾಶ್ವತ. ಚಕ್ರದ ಕೆಳಗೆ ಒಂದು ತುಂಡು ಅಲ್ಯೂಮಿನಿಯಂ ಹಾಳೆ ಇಟ್ರೆ ಸಾಕು. ಬಿಸಿಲು ಬೀಳೋ ಜಾಗ ಅಂತೂ ಬೇಡ, ಅಲಿಟಾಲಿಯಾದ ಬಿಳಿ ಹಳದಿಗೆ ತಿರುಗುತ್ತೆ.

ಜೋಡಿ ನಿಯಮಕ್ಕೆ ಸೇರದ ಕಾರುಗಳೂ ಇವೆ, ಅವಕ್ಕೆ ಬೇರೆ ಸಾಲು. 1966ರ ಲಂಬೋರ್ಗಿನಿ ಮಿಯುರಾ, ಇದೂ ಬೆರ್ಟೋನೆಯಲ್ಲಿ ಗಾಂಡಿನಿ ಮಾಡಿದ್ದೇ, ವಿ12 ಇಂಜಿನ್ನ ಅಡ್ಡಕ್ಕೆ ಕೂರಿಸಿದ ಹುಂಬತನ. 1957ರ ಫಿಯಾಟ್ 500, ದಾಂತೆ ಜಕೋಸಾನ ಕೂಸು, 1/43ರಲ್ಲಿ ಏಳು ಸೆಂಟಿಮೀಟರ್ ಕೂಡ ಇಲ್ಲ. ಇವು ಚೆಂದಕ್ಕೆ ಅಂತ ಇಟ್ಟಿದ್ದು, ಹೆಚ್ಚು ಮಾತಿಲ್ಲ. ಆಲ್ಫಾ ರೋಮಿಯೋ ಜಿಟಿಎ ಮಾತ್ರ ರೇಸಿನ ಕಾರು, ಸಾಮಾನ್ಯ ಜೂಲಿಯಾ ಜಿಟಿಯ ಉಕ್ಕಿನ ಹೊದಿಕೆ ತೆಗೆದು ಅಲ್ಯೂಮಿನಿಯಂ ಹಾಕಿ ಹಗುರ ಮಾಡಿದ್ದು, ಅದಕ್ಕೂ ಜೋಡಿ ಇದೆ, ಆದ್ರೆ ಮಾಡೆಲ್‌ನಲ್ಲಿ ಉಕ್ಕಿಗೂ ಅಲ್ಯೂಮಿನಿಯಂಗೂ ವ್ಯತ್ಯಾಸ ಎಲ್ಲಿಂದ ತೋರಿಸ್ತೀರಾ, ಬಾಗಿಲ ಹಿಡಿ ಮತ್ತೆ ಮುಂದಿನ ಗ್ರಿಲ್ ನೋಡಿ ಗುರುತು ಹಿಡೀಬೇಕು.

ಮತ್ತೆ ಲಾಂಚಿಯಾ ಔರೇಲಿಯಾ ಬಿ20. 1954ರ ಮಾಂಟೆ ಲೂಯಿ ಶಿರೋನ್ ಗೆದ್ದಿದ್ದು ಇದರಲ್ಲಿ. ಆ ಕಾಲಕ್ಕೆ ರಸ್ತೆ ಕಾರಿಗೂ ರ‍್ಯಾಲಿ ಕಾರಿಗೂ ಹೊರಗಿನಿಂದ ವ್ಯತ್ಯಾಸ ಅಂದ್ರೆ ಬಾಗಿಲ ಮೇಲಿನ ನಂಬರ್, ಮುಂದೆ ಒಂದೆರಡು ಲೈಟು, ಅಷ್ಟೇ. ಇದಕ್ಕೆ ಜೋಡಿ ತಗೊಂಡ್ರೆ ನಿಜಕ್ಕೂ ಒಂದೇ ಕಾರು ಎರಡು ಸಲ ತಗೊಂಡಂಗೆ ಆಗುತ್ತೆ, ಹಾಗಾಗಿ ಒಂದೇ ಇದೆ.

ಸದ್ಯಕ್ಕೆ ಹುಡುಕ್ತಿರೋದು ಫೆರಾರಿ 308 ಜಿಟಿಬಿಯ ರ‍್ಯಾಲಿ ಕಾರು. ಫೆರಾರಿ ರ‍್ಯಾಲಿಲಾ ಅಂತ ಕೇಳ್ಬೇಡಿ, ಪಾದುವಾದ ಮಿಕೆಲೊಟ್ಟೊ ವರ್ಕ್‌ಶಾಪಿನವರು ತಯಾರು ಮಾಡ್ತಿದ್ರು, 1982ರ ಕಾರ್ಸಿಕಾ ರ‍್ಯಾಲಿಲಿ ಜಾನ್ ಕ್ಲೋಡ್ ಆಂಡ್ರುಯೆ ಅದರಲ್ಲಿ ಎರಡನೇ ಸ್ಥಾನಕ್ಕೆ ಬಂದ. ರಸ್ತೆಯ 308 ಆಗ್ಲೇ ಶೆಲ್ಫಲ್ಲಿದೆ, ಕೆಂಪು. ಈ ಸಲ ರಸ್ತೆ ಕಾರು ಮೊದಲು ಬಂದು ರ‍್ಯಾಲಿ ಕಾರಿಗೆ ಕಾಯ್ತಿದೆ, ಸಿಗ್ತಿರೋದೆಲ್ಲ ಚಕ್ರ ತಪ್ಪು ಇರೋವೇ.